ಮೂರು ಪಿಟೀಲುಗಳ ಕಛೇರಿ

ಕಛೇರಿಯ ನಡುವೆ ಪಿಟೀಲಿನ ತಂತಿ ಕಡಿದರೆ ಏನಾಗುತ್ತದೆಂದು ನಮ್ಮ ಸಂಗೀತ ಸಭೆಗಳಿಗೆ ಹೋಗುವವರಿಗೆಲ್ಲ ಗೊತ್ತು. ಗಾಯಕರು ಆಲಾಪನೆಯನ್ನು ತುಸು ಹಿಗ್ಗಿಸುತ್ತಾರೆ, ಇಲ್ಲವೇ ತಂಬೂರಿ ಮಿಡಿಯುತ್ತಿರಲೆಂದು ಸುಮ್ಮನಾಗುತ್ತಾರೆ. ಪಿಟೀಲು ವಿದ್ವಾಂಸರು ಪೆಟ್ಟಿಗೆಯಿಂದ ಹೊಸ ತಂತಿ ತೆಗೆದು ಕಟ್ಟಿ, ಬಿರಡೆ ತಿರುವಿ ಶ್ರುತಿ ಕೂಡಿಸುತ್ತಾರೆ. ಅಷ್ಟರಲ್ಲಿ ಒಂದಿಬ್ಬರು ಕಾಫಿ ಕುಡಿದು ಬಂದಿರುತ್ತಾರೆ. ಯಾರಿಗೂ ಅವಸರವಿಲ್ಲ.

ಪಾಶ್ಚಾತ್ಯ ಆರ್ಕೆಸ್ಟ್ರಾಕ್ಕೆ ಈ ಸೌಕರ್ಯವಿಲ್ಲ. ಬರೆದಿಟ್ಟ ಸ್ವರಗಳ ಮೇಲೆ ಹತ್ತಾರು ಜನ ಒಟ್ಟಿಗೆ ಸಾಗುತ್ತಿರುತ್ತಾರೆ. ಒಬ್ಬರಿಗಾಗಿ ಎಲ್ಲರೂ ನಿಂತರೆ ಕೃತಿಯೇ ಮುರಿಯುತ್ತದೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳ. ಮುಂದೆ ನಿಂತ ಕಲಾವಿದರ ತಂತಿ ಕಡಿದರೆ ಪಿಟೀಲು ಸಾಲಿನ ಮುಖ್ಯಸ್ಥರು ತಮ್ಮ ವಾದ್ಯವನ್ನೇ ಕೊಟ್ಟುಬಿಡುತ್ತಾರೆ. ಅವರಿಗೆ ಪಕ್ಕದವರು ತಮ್ಮದನ್ನು ಕೊಡುತ್ತಾರೆ.

1986ರ ಜುಲೈ 26ರಂದು ಅಮೆರಿಕದ ಟ್ಯಾಂಗಲ್‌ವುಡ್‌ನಲ್ಲಿ ನಡೆದದ್ದು ಇದೇ. ಅದು ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಬೇಸಗೆಯ ಬಿಡಾರ. ಅಂದು ಮುಂದೆ ನಿಂತಿದ್ದವಳು ಜಪಾನಿನ ಒಸಾಕಾದಲ್ಲಿ ಹುಟ್ಟಿದ ಮಿದೋರಿ, ವಯಸ್ಸು 14. ಹನ್ನೊಂದನೆಯ ವಯಸ್ಸಿಗೇ ನಮ್ಮ ಮುಂಬೈಯ ಜುಬಿನ್ ಮೆಹ್ತಾ ಅವರ ನಿರ್ದೇಶನದಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ನುಡಿಸಿ ಹೆಸರಾಗಿದ್ದವಳು. ಕೃತಿ ಲಿಯೊನಾರ್ಡ್ ಬರ್ನ್‌ಸ್ಟೈನ್ 1954ರಲ್ಲಿ ರಚಿಸಿದ 'ಸೆರೆನೇಡ್'. ಔತಣಕ್ಕೆ ಕೂತ ಗೆಳೆಯರು ಒಬ್ಬರಾದ ಮೇಲೊಬ್ಬರು ಪ್ರೇಮದ ಬಗ್ಗೆ ಮಾತಾಡುವ ಪ್ಲೇಟೋನ ಸಂವಾದವೇ ಅದಕ್ಕೆ ಪ್ರೇರಣೆ. ಆ ದಿನ ನಿರ್ದೇಶಿಸುತ್ತಿದ್ದವರೂ ಬರ್ನ್‌ಸ್ಟೈನ್ ಅವರೇ.

ಐದನೆಯ, ಕೊನೆಯ ಭಾಗದಲ್ಲಿ ಎಲ್ಲಕ್ಕಿಂತ ತೆಳುವಾದ 'ಇ' ತಂತಿ ಕಡಿಯಿತು. ಹುಡುಗಿ ಹಿಂದಿರುಗಿ ಮುಖ್ಯಸ್ಥ ಮಾಲ್ಕಂ ಲೋ ಅವರ ಸ್ಟ್ರಾಡಿವೇರಿಯಸ್ ತೆಗೆದುಕೊಂಡಳು. ಅದು ಅವಳ ಪಿಟೀಲಿಗಿಂತ ಅಳತೆಯಲ್ಲಿ ತುಸು ದೊಡ್ಡದು. ಸ್ವಲ್ಪ ಹೊತ್ತಿಗೆ ಅದರ 'ಇ' ತಂತಿಯೂ ಕಡಿಯಿತು! ಈ ಸಲ ಸಹಮುಖ್ಯಸ್ಥ ಮ್ಯಾಕ್ಸ್ ಹೋಬಾರ್ಟ್ ಅವರ ಗ್ವಾಡನೀನಿ ಪಿಟೀಲು ಅವಳ ಕೈಗೆ ಬಂತು. ಅದರಲ್ಲೇ ಕೊನೆಯವರೆಗೂ ನುಡಿಸಿದಳು. ಬರ್ನ್‌ಸ್ಟೈನ್ ಅವಳನ್ನು ಅಪ್ಪಿಕೊಂಡರು. ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟಕ್ಕೆ ಬಂತು.

ಈ ಪ್ರಸಂಗದ ವಿಡಿಯೋವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೊದಮೊದಲು ಕಣ್ಣೆಲ್ಲ ಆ ಹುಡುಗಿಯ ಮೇಲೇ. ಈಚೆಗೆ ಅವಳ ಹಿಂದೆ ಕೂತವರ ಕಡೆ ಹೋಗುತ್ತಿದೆ. ಸ್ಟ್ರಾಡಿವೇರಿ ತೀರಿಕೊಂಡದ್ದು 1737ರಲ್ಲಿ. ಅವನ ಕೈಯ ವಾದ್ಯವೆಂದರೆ ಬೆಲೆ ಕೇಳುವಂತಿಲ್ಲ. ಅಂಥದ್ದನ್ನು ಹದಿನಾಲ್ಕರ ಹುಡುಗಿಗೆ ಕಣ್ಣು ಮಿಟುಕಿಸುವುದರೊಳಗೆ ಕೊಡುವುದಕ್ಕೆ ಎಂಥ ಮನಸ್ಸು ಬೇಕು! ಅದರ ತಂತಿಯೂ ಕಡಿದ ಮೇಲೆ ಇನ್ನೊಂದನ್ನು ಕೊಡುವುದಕ್ಕೆ ಇನ್ನೂ ದೊಡ್ಡ ಮನಸ್ಸು ಬೇಕು. ಅವರೂ ಪಿಟೀಲು ವಾದಕರೇ. ಚಪ್ಪಾಳೆಯ ಆಸೆ ಅವರಿಗೂ ಇದ್ದೀತು.

ಮಿದೋರಿ 1992ರಲ್ಲಿ ನ್ಯೂಯಾರ್ಕಿನ ಶಾಲೆಗಳ ಮಕ್ಕಳಿಗೆ ಸಂಗೀತ ಮುಟ್ಟಿಸಲು ಒಂದು ಸಂಸ್ಥೆ ಕಟ್ಟಿದಳು. ಅದಕ್ಕೂ ಆ ದಿನಕ್ಕೂ ನಂಟಿದೆಯೆಂದು ನಾನು ಹೇಳಲಾರೆ. ಆದರೆ ಮಕ್ಕಳು ತಪ್ಪಿದಾಗ, ಎಡವಿದಾಗ ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಮೊದಲು ಕೇಳಿಬರುವ ಮಾತು ಯಾವುದೆಂದು ಯೋಚಿಸುತ್ತೇನೆ. 'ಹೇಗೆ ಕಡಿಯಿತು? ನೋಡಿಕೊಳ್ಳಬಾರದಿತ್ತೆ?' ಎಂಬುದೇ ತಾನೆ? ಟ್ಯಾಂಗಲ್‌ವುಡ್‌ನಲ್ಲಿ ಅಂಥ ವಿಚಾರಣೆಗೆ ಯಾರಿಗೂ ಪುರುಸೊತ್ತಿರಲಿಲ್ಲ. ಹುಡುಗಿ ಕೈ ಚಾಚಿದಳು, ದೊಡ್ಡವರು ತಮ್ಮ ಪಿಟೀಲು ಕೊಟ್ಟರು, ಸಂಗೀತ ಮುಂದುವರಿಯಿತು.