ಸತುವಿನ ಆಸನ

ವಸ್ತುವಿನ ಗುಣವು ಅದರೊಳಗಿನ ದ್ರವ್ಯಗಳ ಗುಣಗಳ ಮೊತ್ತವೆಂದು ಲೋಕವು ಸಾಮಾನ್ಯವಾಗಿ ಬಗೆಯುತ್ತದೆ. ಸಿಹಿ ಬೆರೆತರೆ ಸಿಹಿ, ಕಹಿ ಬೆರೆತರೆ ಕಹಿ. ಪ್ರಕೃತಿಯಲ್ಲಿ ಈ ಲೆಕ್ಕವು ಎಲ್ಲೆಡೆಯೂ ಸರಿಬಾರದು. ಬೆರೆತದ್ದು ಯಾವುದು ಎಂಬುದಕ್ಕಿಂತ, ಅದು ಎಲ್ಲಿ ಹೋಗಿ ಕುಳಿತಿತು ಎಂಬುದೇ ಕೆಲವೆಡೆ ಮುಖ್ಯವಾಗುತ್ತದೆ.

ಭಾಲ್ಕಿ ಸೀಮೆಯ ಭಾತಂಬ್ರಾದ ಸುತ್ತಣ ನೆಲದಡಿಯ ಕರಿಗಲ್ಲು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನದಲ್ಲಿ ಹರಿದ ಲಾವಾರಸವು ಆರಿ ಆದುದು. ಆ ಜಾತಿಯ ಕಲ್ಲಿನಲ್ಲಿ ಕಬ್ಬಿಣ, ಟೈಟೇನಿಯಂಗಳ ಆಕ್ಸೈಡು ಕರಿಯ ಕಣಗಳಾಗಿ ಅಡಗಿರುತ್ತದೆ. ಕಲ್ಲು ಸವೆದ ಮೇಲೆ ಮಳೆಯ ನೀರು ಅವುಗಳನ್ನು ಹಳ್ಳಕ್ಕೆ ಒಯ್ಯುತ್ತದೆ. ಅಲ್ಲಿಯ ಮರಳಿನಲ್ಲಿ ಸೂಜಿಗಲ್ಲನ್ನು ಆಡಿಸಿದರೆ ಅವು ಮೀಸೆಯಂತೆ ಅಂಟಿಕೊಳ್ಳುತ್ತವೆ. ಮಿಶ್ರ ಫೆರೈಟುಗಳೂ ಇದೇ ಮನೆತನದವು. ಕಬ್ಬಿಣ, ನಿಕ್ಕಲ್, ಸತುಗಳ ಆಕ್ಸೈಡುಗಳನ್ನು ಅರೆದು, ಬೆರೆಸಿ, ಕುಲುಮೆಯಲ್ಲಿ ಸುಟ್ಟು ಇವನ್ನು ಮಾಡುವರು. ರೇಡಿಯೋ ಪೆಟ್ಟಿಗೆಯೊಳಗೆ ಅಲೆಗಳನ್ನು ಹಿಡಿಯುವ ಕರಿಯ ಕಡ್ಡಿಯು ಫೆರೈಟೇ.

ಈ ಹರಳಿನಲ್ಲಿ ಲೋಹದ ಪರಮಾಣುಗಳಿಗೆ ಎರಡು ಬಗೆಯ ಆಸನಗಳುಂಟು: ನಾಲ್ಕು ಆಮ್ಲಜನಕಗಳ ನಡುವೆ ಒಂದು, ಆರರ ನಡುವೆ ಇನ್ನೊಂದು. ಎರಡು ಪಂಕ್ತಿಗಳ ಕಾಂತತೆಯೂ ಪರಸ್ಪರ ವಿರುದ್ಧ. ಹೊರಗೆ ತೋರುವುದು ಅವುಗಳ ಅಂತರ ಮಾತ್ರ. ಫ್ರಾನ್ಸಿನ ಲೂಯಿ ನೇಲ್ ಅವರು 1948ರಲ್ಲಿ ಈ ತತ್ತ್ವವನ್ನು ವಿವರಿಸಿದರು. ಸತುವಿಗೆ ಸ್ವಂತದ ಕಾಂತತೆಯಿಲ್ಲ. ಆದರೂ ನಿಕ್ಕಲ್ ಫೆರೈಟಿಗೆ ಅದನ್ನು ಹದವಾಗಿ ಬೆರೆಸಿದರೆ ಕಾಂತತೆ ಏರುತ್ತದೆ! ಸತುವು ನಾಲ್ಕರ ಆಸನವನ್ನು ಹಿಡಿದು, ಅಲ್ಲಿದ್ದ ಕಬ್ಬಿಣವನ್ನು ಆರರ ಪಂಕ್ತಿಗೆ ಕಳುಹಿಸುತ್ತದೆ. ಒಂದು ಪಕ್ಷ ಬಡವಾಗಿ, ಇನ್ನೊಂದು ಬಲಿತು, ಅಂತರ ಹಿಗ್ಗುತ್ತದೆ.

ಕಣ್ಣಿಗೆ ಕಾಣದ ಈ ಆಸನಗಳನ್ನು ಅರಿಯುವ ಉಪಾಯಗಳಲ್ಲಿ ಅವಕೆಂಪು ಕಿರಣದ ಪರೀಕ್ಷೆಯೂ ಒಂದು. 1800ರಲ್ಲಿ ವಿಲಿಯಂ ಹರ್ಷೆಲ್, ಬಿಸಿಲನ್ನು ಬಣ್ಣಗಳಾಗಿ ಒಡೆದು, ಕೆಂಪಿನಾಚೆ ಉಷ್ಣಮಾಪಕವನ್ನಿಟ್ಟು ಕಂಡುಹಿಡಿದ ಕಿರಣವಿದು. ಪರಮಾಣುಗಳ ಬಂಧವು ವೀಣೆಯ ತಂತಿಯಂತೆ ತನ್ನದೇ ಶ್ರುತಿಯಲ್ಲಿ ಮಿಡಿಯುತ್ತದೆ. ಆ ಶ್ರುತಿಗೆ ಒಪ್ಪುವ ಕಿರಣವನ್ನು ಹೀರಿಕೊಳ್ಳುತ್ತದೆ. ಫೆರೈಟುಗಳು ಹೀರುವ ಕಿರಣಗಳಲ್ಲಿ, ಸೆಂಟಿಮೀಟರಿಗೆ ಸುಮಾರು 600 ಅಲೆಗಳದು ನಾಲ್ಕರ ಆಸನದ್ದೆಂದೂ, 400ರ ಬಳಿಯದು ಆರರದ್ದೆಂದೂ 1955ರಲ್ಲಿ ವಾಲ್ಡ್ರನ್ ಎಂಬ ವಿಜ್ಞಾನಿ ಗುರುತಿಸಿದರು. ಸತುವು ಹೆಚ್ಚಿದಂತೆ ಮೊದಲನೆಯ ಶ್ರುತಿ ತಗ್ಗುತ್ತದೆ. ಕಬ್ಬಿಣಕ್ಕಿಂತ ದೊಡ್ಡ ಮೈಯ ಸತುವು ಅಲ್ಲಿ ಸೇರಿ ಬಂಧವನ್ನು ಸಡಿಲಿಸಿತೆಂಬುದಕ್ಕೆ ಅದು ಸಾಕ್ಷಿ.

ಬೀದರ ಸೀಮೆಗೆ ಸತುವು ಹೊಸದಲ್ಲ. ಬಿದರಿ ಪಾತ್ರೆಯ ಮೈ ಬಹುಪಾಲು ಸತುವೇ, ತಾಮ್ರ ಅಲ್ಪ. ಕೋಟೆಯ ಮಣ್ಣು, ನವಸಾಗರಗಳ ಲೇಪದಿಂದ ಆ ಮೈ ಕಪ್ಪಾದಾಗಲೇ ಅದರ ಮೇಲಣ ಬೆಳ್ಳಿಯ ಬಳ್ಳಿ ಬೆಳಗುತ್ತದೆ. ತಾನು ಮರೆಯಲ್ಲಿದ್ದು ಇನ್ನೊಂದನ್ನು ಮೆರೆಸುವುದು ಅಲ್ಲಿಯೂ ಸತುವಿನ ಧರ್ಮ. ಫೆರೈಟಿನಲ್ಲಿ ಮಾತ್ರ ಈ ಧರ್ಮಕ್ಕೆ ಮಿತಿಯುಂಟು. ಸತುವಿನ ಪಾಲು ಸುಮಾರು ಅರ್ಧವನ್ನು ಮೀರಿದರೆ ನಾಲ್ಕರ ಪಂಕ್ತಿ ತೀರ ಬರಿದಾಗುತ್ತದೆ. ಎದುರಾಳಿಯಿಲ್ಲದೆ ಆರರ ಪಂಕ್ತಿಯೊಳಗೇ ಒಡಕು ಹುಟ್ಟುತ್ತದೆ. ಏರಿದ ಕಾಂತತೆ ಕುಸಿಯುತ್ತದೆ. ಒಂದು ಪಕ್ಷವನ್ನು ಪೂರ್ತಿಯಾಗಿ ಅಳಿಸಿದವನಿಗೆ ಇನ್ನೊಂದರ ಬಲವೂ ದಕ್ಕುವುದಿಲ್ಲ.