ವಚನಕ್ಕೆ ಮೊದಲೇ ನಿಂತ ಕ್ಯಾಸೆಟ್

ಉದಗೀರದ ಗೆಳೆಯರೊಬ್ಬರು ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಖಾಸಗಿ ಬೈಠಕ್ಕೊಂದರ ಧ್ವನಿಮುದ್ರಣ ಕಳಿಸಿದರು. ರಾಗ ಶಿವಮತ ಭೈರವ. ಆದರೆ ಯಾರೋ ಪುಣ್ಯಾತ್ಮರು ಕಂಪ್ಯೂಟರಿಗೆ ಹಾಕಿ ಅದನ್ನು ‘ಸ್ವಚ್ಛ’ ಮಾಡಿದ್ದಾರೆ. ತಬಲಾ ಕುಟ್ಟಿ ಶ್ರುತಿಗೆ ತರುವ ಸದ್ದು, ಕೆಮ್ಮು, ‘ವಾಹ್ವಾ’ ಎಲ್ಲ ಮಾಯ. ಟೇಪಿನ ಸುಯ್ಯೆನ್ನುವ ಸದ್ದಿನ ಜೊತೆಗೇ ತಂಬೂರಿಯ ಜವಾರಿಯ ಝೇಂಕಾರವೂ ಹೋಗಿದೆ. ಸುಣ್ಣ ಕೆರೆಯಲು ಹೋಗಿ ಗೋಡೆಯ ಚಿತ್ರವನ್ನೇ ಕೆರೆದ ಹಾಗೆ!

78ರ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಹಾಡು. ಬೈಠಕ್ಕಿನಲ್ಲಿ ಆ ಹಂಗಿಲ್ಲ. ಅದಕ್ಕೇ ಟೇಪು ಸಂಗ್ರಹಿಸುವ ನಾವು ನಿಲಂಗಾ, ಉಮರ್ಗಾ, ಕಲಬುರ್ಗಿ ಎನ್ನದೆ ಕ್ಯಾಸೆಟ್ ಬೇಡುತ್ತ ತಿರುಗುತ್ತೇವೆ. ಸಿ-90 ಆದರೆ ನಲವತ್ತೈದು ನಿಮಿಷಕ್ಕೆ ತಿರುವಿ ಹಾಕಬೇಕು. ಒಳ್ಳೆಯ ತಾನ ಬರುವುದು ಸರಿಯಾಗಿ ಆಗಲೇ.

ನನ್ನ ಚಟ ಟೇಪಿನ ವೇಗ ತಿದ್ದುವುದು. ಶೇಕಡಾ ಆರರಷ್ಟು ಜೋರಾಗಿ ಓಡಿದರೆ ಹಾರ್ಮೋನಿಯಂನ ಬಿಳಿ ಎರಡರಲ್ಲಿ ಹಾಡಿದವರು ಅರ್ಧಸ್ವರ ಮೇಲಕ್ಕೆ, ಕರಿ ಎರಡಕ್ಕೆ ಏರಿ ಕೂರುತ್ತಾರೆ. ಎಷ್ಟೋ ಟೇಪಿನ ತಳದಲ್ಲಿ ಕರೆಂಟಿನ ಗುಂಯ್‌ಗುಡುವಿಕೆ ಇರುತ್ತದೆ, 50 ಹರ್ಟ್ಸ್. ಅದು 53 ತೋರಿಸಿದರೆ ಟೇಪು ಜೋರಾಗಿ ಓಡುತ್ತಿದೆ ಎಂದೇ ಲೆಕ್ಕ. ಹಾಗೆಂದು ಕಣ್ಣು ಮುಚ್ಚಿ 50ಕ್ಕೆ ತಂದು ಮೀಸೆ ತಿರುವುವವರಿಗೆ ಒಂದು ಮಾತು: ಎಂಬತ್ತರ ದಶಕದಲ್ಲಿ ನಮ್ಮ ಕರೆಂಟೇ 50ರಲ್ಲಿ ನಿಲ್ಲುತ್ತಿರಲಿಲ್ಲ, ಎಷ್ಟೋ ಸಲ 48.5ಕ್ಕೆ ಇಳಿಯುತ್ತಿತ್ತು. ಅರ್ಧಸ್ವರದ ಅರ್ಧ ಅಲ್ಲೇ ತಪ್ಪಿತು! ಗುಂಯ್ ನೋಡಿ, ಆದರೆ ಹಾರ್ಮೋನಿಯಂ ಮನೆಗೂ ಕಿವಿ ಕೊಡಿ.

ಇದನ್ನಾದರೂ ತಿದ್ದಬಹುದು. ತಿದ್ದಲಾಗದ್ದು ಬೇರೆ ಇದೆ. ಮನ್ಸೂರರು ಖಯಾಲಿನ ಜೊತೆ ವಚನವನ್ನೂ ಹಾಡುತ್ತಿದ್ದವರು. ನಮ್ಮ ಗಡಿಭಾಗದ ಕೆಲವು ಮರಾಠಿ ರಸಿಕರ ಟೇಪುಗಳಲ್ಲಿ ರಾಗ ಮುಗಿದು ವಚನದ ಮೊದಲ ಅಕ್ಷರ ಬಾಯಿಗೆ ಬಂತೋ ಇಲ್ಲವೋ, ಟಕ್! ಬಂದ್. ಕನ್ನಡದವರೇನು ಕಡಿಮೆ? ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ದಾಸರ ಪದ ಇಟ್ಟುಕೊಂಡು ಮರಾಠಿ ಅಭಂಗ ಅಳಿಸಿದವರನ್ನು ಬಲ್ಲೆ. ಹಾಡಿದವರಿಗೆ ಇಲ್ಲದ ಗಡಿ ಗುಂಡಿ ಒತ್ತುವವರಿಗೆ ಎಲ್ಲಿಂದ ಬಂತು? ಕ್ಯಾಸೆಟ್ ಉಳಿಸಲು ಹಾಗೆ ಮಾಡಿದೆವು ಎನ್ನುತ್ತಾರೆ. ಉಳಿದ ಜಾಗದಲ್ಲಿ ಏನಿದೆ ಗೊತ್ತೇ? ಮದುವೆಯ ಬ್ಯಾಂಡು.

ನಿಮ್ಮ ಮನೆಯ ಅಟ್ಟದಲ್ಲಿ ಇಂಥ ಕ್ಯಾಸೆಟ್ ಇದ್ದರೆ, ಪ್ಲೇ ಒತ್ತುವ ಮುಂಚೆ ಒಮ್ಮೆ ಆ ಕೊನೆಯಿಂದ ಈ ಕೊನೆಗೆ ಸುತ್ತಿಸಿ; ಅಂಟಿದ ಸುರುಳಿ ಸಡಿಲಾಗುತ್ತದೆ. ಆಮೇಲೆ ಏನನ್ನೂ ಕತ್ತರಿಸದೆ, ಕೆಮ್ಮು ಸಮೇತ, ಪ್ರತಿ ಮಾಡಿ ಕೊಡಿ.