ತೂಬು ಕಚ್ಚಿಕೊಂಡಾಗ

ಮೇಜಿಗೆ ಮೈ ತಾಗಿಸಬೇಡಿ. ಸೂಕ್ಷ್ಮದರ್ಶಕದ ಕೆಳಗಿನ ಪುಟ್ಟ ತೊಟ್ಟಿಯಲ್ಲಿರುವುದು ಸುಂಡಿಲಿಯ ಮಿದುಳಿನ ಹೋಳು, ದಪ್ಪ 300 ಮೈಕ್ರೋಮೀಟರ್. ಅದರ ಮೇಲೆ ಬೆಚ್ಚಗಿನ ಉಪ್ಪುನೀರು ಹರಿಯುತ್ತಲೇ ಇದೆ. ಪಕ್ಕದ ಬಾಟಲಿಯಲ್ಲಿ ಆಮ್ಲಜನಕದ ಬುಳುಬುಳು. ಇಲಿ ಸತ್ತು ಗಂಟೆಗಳಾದವು, ಹೋಳು ಇನ್ನೂ ಬದುಕಿದೆ.

ಕಣ್ಣಿಟ್ಟು ನೋಡಿ. ಆ ಪಟ್ಟೆಪಟ್ಟೆ ಭಾಗವೇ ಸ್ಟ್ರಯೇಟಮ್. ಅದರೊಳಗೆ ಇಳಿದಿರುವುದು 7 ಮೈಕ್ರೋಮೀಟರ್ ದಪ್ಪದ ಇಂಗಾಲದ ಎಳೆ. ಇದರ ಮುಂದೆ ತಲೆಗೂದಲೂ ಹಗ್ಗ. ಸೆಕೆಂಡಿಗೆ 10 ಸಲ ಇದರ ವೋಲ್ಟೇಜ್ ಏರಿಳಿಯುತ್ತದೆ. ಸುಮಾರು 0.6 ವೋಲ್ಟ್ ದಾಟುವಾಗ ಹತ್ತಿರ ನರಕೋಶಗಳ ಸಂದೇಶವಾಹಕ ಡೋಪಮಿನ್ ಇದ್ದರೆ ಅದು ಎಲೆಕ್ಟ್ರಾನ್ ಕಳೆದುಕೊಂಡು ಸಿಕ್ಕಿಬೀಳುತ್ತದೆ.

ಗುಂಡಿ ಒತ್ತಿ. ಒಂದೇ ಒಂದು ವಿದ್ಯುತ್ ಬಡಿತ. ಪರದೆಯ ಮೇಲೆ ಡೋಪಮಿನ್ನಿನ ಹಸಿರು ಕಲೆ ಮೂಡಿತು. ಅದರ ಪ್ರಮಾಣ ತೋರಿಸುವ ಗೆರೆ ಗುಡ್ಡದಂತೆ ಎದ್ದು ಒಂದೆರಡು ಸೆಕೆಂಡಿನಲ್ಲಿ ಮಲಗಿತು. ನರತುದಿಗಳು ಚೆಲ್ಲಿದ್ದನ್ನು ತಾವೇ ಹೀರಿಕೊಂಡವು.

ಈಗ 4-ಅಮಿನೋಪಿರಿಡಿನ್ ಬಿಡಿ. ಹೋಳಿನೊಳಗೆ ಇಳಿಯಲಿ; ಈ ಕೆಲಸದಲ್ಲಿ ಮುಕ್ಕಾಲು ಪಾಲು ಕಾಯುವುದೇ. ಮತ್ತೆ ಒತ್ತಿ. ಬಡಿತ ಅದೇ, ಗುಡ್ಡ ಮಾತ್ರ ಬೆಟ್ಟವಾಗಿದೆ!

ನರತುದಿಗೆ ಬಡಿತ ಬಂದಾಗ ಸೋಡಿಯಂ ನುಗ್ಗಿ ಪೊರೆಯ ವೋಲ್ಟೇಜ್ ಏರುತ್ತದೆ. ಕ್ಯಾಲ್ಸಿಯಂ ಬಾಗಿಲು ತೆರೆದು, ಡೋಪಮಿನ್ ತುಂಬಿದ ಚೀಲಗಳು ಪೊರೆಗೆ ಅಂಟಿ ಬಾಯಿಬಿಡುತ್ತವೆ. ಬೆನ್ನಲ್ಲೇ ಪೊಟ್ಯಾಸಿಯಂ ಹೊರಬಿದ್ದು ವೋಲ್ಟೇಜನ್ನು ಇಳಿಸುತ್ತದೆ. ಕ್ಯಾಲ್ಸಿಯಂ ಬಾಗಿಲು ಮುಚ್ಚುತ್ತದೆ. ಎಲ್ಲ ಕೆಲವೇ ಮಿಲಿಸೆಕೆಂಡಿನ ಆಟ. ಪೊರೆಯ ಈ ಬಾಗಿಲುಗಳಿಗೆ ಚಾನೆಲ್ ಎಂದು ಹೆಸರು, ಚಾನೆಲ್ ಎಂದರೆ ಕಾಲುವೆ ಅಂತ ಪುಸ್ತಕದವರು ಬರೆಯುತ್ತಾರೆ. ನನಗೆ ಕೆರೆಯ ತೂಬೇ ಸರಿ ಅನ್ನಿಸುತ್ತದೆ, ಕಾಲುವೆಗೆ ತೆರೆದು ಮುಚ್ಚುವ ಗುಣ ಎಲ್ಲಿದೆ? ನೀವು ಬಿಟ್ಟ ಔಷಧ ಪೊಟ್ಯಾಸಿಯಂನ ತೂಬಿಗೆ ಅಡ್ಡ ಕೂತಿದೆ. ವೋಲ್ಟೇಜ್ ಇಳಿಯುವುದು ತಡವಾಯಿತು, ಅಷ್ಟು ಹೊತ್ತೂ ಕ್ಯಾಲ್ಸಿಯಂ ಒಳಬಂತು. (ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ನಡಿಗೆ ಸುಧಾರಿಸಲು ಕೊಡುವ ಮಾತ್ರೆಯೂ ಇದೇ ವಸ್ತು.)

ಹೊಸ ಹೋಳು ಇಡಿ. ಈ ಸಲ ಕ್ವಿನ್‌ಪಿರೋಲ್. ಇದು ಡೋಪಮಿನ್ನಿನ ವೇಷ ಹಾಕಿ ನರತುದಿಯ ಡಿ2 ಗ್ರಾಹಕವನ್ನು ತಟ್ಟುತ್ತದೆ. ಒತ್ತಿ. ಗುಡ್ಡ ಕುಗ್ಗಿತು. ಚೆಲ್ಲಿದ ಡೋಪಮಿನ್ ಕೂಡ ಹೀಗೆಯೇ ತಿರುಗಿ ಬಂದು ಪೊಟ್ಯಾಸಿಯಂ ತೂಬು ತೆರೆಯುವ ಹಿಡಿಗೆ ಕೈ ಹಾಕುತ್ತದೆ. ಯಾವ ತೂಬು? ಕೆವಿ1.2 ಎಂಬುದರ ಮೇಲೆ ಗುಮಾನಿ: ಅದಿಲ್ಲದ ಸುಂಡಿಲಿಗಳಲ್ಲಿ ಡಿ2ರ ಈ ಲಗಾಮು ಸಡಿಲವಾಗಿರುವುದನ್ನು 2011ರ ಪ್ರಯೋಗಗಳು ತೋರಿಸಿದವು.

ಈಗ ಎರಡೂ ಔಷಧಗಳನ್ನು ಒಟ್ಟಿಗೆ ಬಿಡಿ. ಕಾಯಿರಿ. ಒತ್ತಿ. ಕ್ವಿನ್‌ಪಿರೋಲ್ ಡಿ2 ಗ್ರಾಹಕವನ್ನು ತಟ್ಟುತ್ತಲೇ ಇದೆ. ಆದರೆ ತೂಬು ಕಚ್ಚಿಕೊಂಡಿದೆ. ಗುಡ್ಡ ಮೊದಲಿನಷ್ಟು ಬಗ್ಗುತ್ತಿಲ್ಲ.